ಕಮ್ಯುನಿಟಿ ಕಾಲೇಜಿನ ಮೊದಲ ಇಂಗ್ಲಿಷ್ ಕಾಂಪೊಸಿಷನ್ ಕೋರ್ಸ್: ಮಾಡಿ ಮುಗಿಸಿದವಳ ವಿಮರ್ಶೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಳೆದೆ ಅನ್ನುವುದು ಮುಂದೆ ಬರುತ್ತದೆ, ಅದು ಸಣ್ಣ ಕಾರಣ ಅಲ್ಲ.

ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ, ಕಡಿಮೆ ಫೀಯ ಸರ್ಕಾರಿ ಕಾಲೇಜು) ನಾನು ಮಾಡಿದ ಮೊದಲ ಹಂತದ ಇಂಗ್ಲಿಷ್ ಬರವಣಿಗೆ ಕೋರ್ಸಿನ ಬಗ್ಗೆ ಇದು. ಕಾಲೇಜಿನ ಹೆಸರು ಹಾಕುತ್ತಿಲ್ಲ. ಕೆಲವು ದೂರುಗಳೂ ಇವೆ, ಜೊತೆಗೆ ಈ ಕೋರ್ಸು ಈ ರಾಜ್ಯದಲ್ಲಿ ಎಲ್ಲಿ ಮಾಡಿದರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಬಹಳ ಕಡೆ ಇದಕ್ಕೆ ಇಂಗ್ಲಿಷ್ 1ಎ ಅಂತ ಹೆಸರಿತ್ತು. 2021ರ ಎಬಿ 1111 ಕಾನೂನು ಬಂದ ಮೇಲೆ ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ಕೋರ್ಸ್ ನಂಬರ್ ಕೊಡುತ್ತಿದ್ದಾರೆ, ಹಾಗಾಗಿ ಈಗ ಪಟ್ಟಿಯಲ್ಲಿ ಇಂಗ್ಲಿಷ್ ಸಿ1000 ಅಂತ ಕಂಡರೆ ಗಾಬರಿ ಆಗಬೇಡಿ, ಅದೇ ಇದು.

ನಮ್ಮ ಕಡೆಯವರು ಇದನ್ನು ತಗೊಳ್ಳುವುದು ಸಾಮಾನ್ಯವಾಗಿ ಬೇರೆ ಏನಕ್ಕೋ ಬೇಕು ಅಂತ. ನರ್ಸಿಂಗ್‌ಗೆ ಅರ್ಜಿ ಹಾಕಬೇಕಾದರೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಜೊತೆ ಇದೂ ಬೇಕು. ನಾಲ್ಕು ವರ್ಷದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬೇಕಾದರೂ ಬೇಕು. ನಾನು ಊರಲ್ಲಿ ಬಿ.ಕಾಂ ಮಾಡಿದವಳು, ಮದುವೆಯಾಗಿ ಎಚ್4 ವೀಸಾದಲ್ಲಿ (ಎಚ್1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವುದು) ಬಂದವಳು. ಡಿಗ್ರಿಯಲ್ಲಿ ಓದಿದ ಇಂಗ್ಲಿಷ್ ಪೇಪರನ್ನು ಇದರ ಬದಲಿಗೆ ಒಪ್ಪಿಕೊಳ್ಳಿ ಅಂತ ಕೇಳಿ ನೋಡಿದೆ. ಒಪ್ಪಲಿಲ್ಲ. ಮೊದಲು ಬೇಜಾರಾಯಿತು. ಕೋರ್ಸು ಮುಗಿದ ಮೇಲೆ ಹೇಳುತ್ತೇನೆ, ಆ ಎರಡಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ಮಾತು, ನಮ್ಮವರು ತುಂಬ ಜನ ತಪ್ಪು ತಿಳಿದುಕೊಂಡಿರುವುದು. ಇಂಗ್ಲಿಷ್ ಬಾರದವರಿಗೆ, ಹೊರಗಿನಿಂದ ಬಂದವರಿಗೆ ಇಟ್ಟ ಕೋರ್ಸಲ್ಲ ಇದು. ಅಮೆರಿಕದವರ ಮಕ್ಕಳಿಗೇ ಇಟ್ಟಿದ್ದು. 1874ರಲ್ಲಿ ಹಾರ್ವರ್ಡ್‌ನವರು ಪ್ರವೇಶಕ್ಕೆ ಇಂಗ್ಲಿಷ್ ಬರವಣಿಗೆಯ ಪರೀಕ್ಷೆ ಶುರು ಮಾಡಿದರು. ಒಳ್ಳೊಳ್ಳೆ ಶಾಲೆಗಳಿಂದ ಬಂದ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಫೇಲಾದರು. ಅದರ ಬೆನ್ನಿಗೇ 1885ರಲ್ಲಿ ಇಂಗ್ಲಿಷ್ ಎ ಅನ್ನುವ ಕೋರ್ಸು ಬಂತು. ಇವತ್ತು ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಮೊದಲ ವರ್ಷದವರು ಮಾಡುವ ಬರವಣಿಗೆ ಕೋರ್ಸಿಗೆ ಅದೇ ಮೂಲ. ಅಂದರೆ ತರಗತಿಯಲ್ಲಿ ಕೂತ ಅಮೆರಿಕನ್ ಹುಡುಗನಿಗೂ ನಿಮಗೂ ಇದು ಒಂದೇ ಸಮ ಹೊಸದು. ಅವನಿಗೆ ಮಾತು ಸಲೀಸು, ಬರವಣಿಗೆ ಸಲೀಸಲ್ಲ. ನಮ್ಮಲ್ಲಿ ಕೆಲವರಿಗೆ ವ್ಯಾಕರಣ ಅವನಿಗಿಂತ ಚೆನ್ನಾಗಿಯೇ ಬರುತ್ತದೆ.

ದುಡ್ಡಿನ ವಿಚಾರಕ್ಕೆ ಬಂದರೆ, ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ (ಯೂನಿಟ್ ಅಂದರೆ ಕೋರ್ಸಿನ ಗಾತ್ರದ ಅಳತೆ). 2012ರಿಂದ ಅಷ್ಟೇ ಇದೆ. ನಮ್ಮದು ಮೂರು ಯೂನಿಟ್ ಕೋರ್ಸು, 138 ಡಾಲರ್ ಆಯಿತು, ಮೇಲೆ ಸಣ್ಣಪುಟ್ಟ ಫೀ. ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ವಾಸ ಮಾಡಿದ್ದೀರಿ ಅಂತ ತೋರಿಸಿದರೆ ಎಚ್4ನವರಿಗೂ ನಿವಾಸಿಗಳ ಫೀ ಸಿಗುತ್ತದೆ. ಎಫ್1 ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ, ಅವರಿಗೆ ಹಲವು ಪಟ್ಟು ಜಾಸ್ತಿ. ಪುಸ್ತಕಕ್ಕೆ ನಾನು ಒಂದು ಸೆಂಟೂ ಕೊಡಲಿಲ್ಲ, ಪಠ್ಯವೆಲ್ಲ ಆನ್‌ಲೈನ್‌ನಲ್ಲಿ ಬಿಟ್ಟಿ. ಯಾವ ಸೆಕ್ಷನ್‌ಗೆ ಪುಸ್ತಕದ ಖರ್ಚಿಲ್ಲ ಅನ್ನುವುದನ್ನು ಕಾಲೇಜುಗಳು ವೇಳಾಪಟ್ಟಿಯಲ್ಲಿ ಗುರುತು ಹಾಕಿ ತೋರಿಸಬೇಕು ಅಂತ ಇಲ್ಲಿ ಕಾನೂನೇ ಇದೆ. ಆ ಗುರುತು ನೋಡಿ ಆರಿಸಿಕೊಳ್ಳಿ.

ಸಮಯದ ಲೆಕ್ಕ ಮಾತ್ರ ಸರಿಯಾಗಿ ಹಾಕಿಕೊಳ್ಳಿ. ಒಂದು ಯೂನಿಟ್ ಅಂದರೆ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಮನೆಕೆಲಸ ಅಂತ ಅವರ ಲೆಕ್ಕ. ಮೂರು ಯೂನಿಟ್‌ಗೆ ವಾರಕ್ಕೆ ಒಂಬತ್ತು ಗಂಟೆ. ಇದು ಉತ್ಪ್ರೇಕ್ಷೆ ಅಲ್ಲ. ಪ್ರಬಂಧ ಕೊಡಬೇಕಾದ ವಾರ ಅದಕ್ಕಿಂತಲೂ ಜಾಸ್ತಿ ಆಗುತ್ತದೆ. ಮನೆಯಲ್ಲಿ ಸಣ್ಣ ಮಗು ಇದ್ದರೆ ಈ ಕೋರ್ಸಿನ ಜೊತೆಗೆ ಅನಾಟಮಿಯನ್ನೂ ಒಟ್ಟಿಗೆ ತಗೊಳ್ಳಬೇಡಿ, ದಯವಿಟ್ಟು.

ಈಗ ಮುಖ್ಯ ವಿಷಯ, ಸಿಲಬಸ್. ನಮ್ಮಲ್ಲಿ ಸಿಲಬಸ್ ಅಂದರೆ ಯೂನಿವರ್ಸಿಟಿಯವರು ಪ್ರಿಂಟ್ ಹಾಕಿದ ಪಾಠಗಳ ಪಟ್ಟಿ, ಅಲ್ವಾ? ಯಾವ ಪದ್ಯ, ಯಾವ ಗದ್ಯ, ಯಾವುದಕ್ಕೆ ಎಷ್ಟು ಅಂಕ. ಇಲ್ಲಿ ಅದು ಆ ಕೋರ್ಸಿನ ಕಾನೂನು ಪುಸ್ತಕ. ಕಾಲೇಜಿನ ಚೌಕಟ್ಟಿನೊಳಗೆ ಪಾಠ ಮಾಡುವವರೇ ಬರೆದಿರುತ್ತಾರೆ. ನಮ್ಮದು ಹತ್ತು ಪುಟಕ್ಕೂ ಮಿಕ್ಕಿ ಇತ್ತು. ಹಾಜರಿ, ತಡವಾಗಿ ಕೊಟ್ಟರೆ ಏನು, ಎಷ್ಟು ಭಾಗ ಯಾವುದಕ್ಕೆ, ಇಮೇಲ್‌ಗೆ ಎಷ್ಟು ಹೊತ್ತಲ್ಲಿ ಉತ್ತರ, ನಕಲು ಮಾಡಿದರೆ ಏನು, ಎಐ ಬಳಸಬಹುದೇ, ಅಂಗವೈಕಲ್ಯ ಇದ್ದವರಿಗೆ ಏನು ಸೌಲಭ್ಯ, ಎಲ್ಲವೂ ಅದರಲ್ಲಿದೆ. ಮೊದಲ ವಾರ ಸಿಲಬಸ್ ಮೇಲೇ ಒಂದು ಸಣ್ಣ ಪರೀಕ್ಷೆ ಇಟ್ಟರು. ಮೊದಲಿಗೆ ಇದೇನು ಇಷ್ಟೊಂದು ಕಟ್ಟುನಿಟ್ಟು ಅನ್ನಿಸುತ್ತದೆ. ಆದರೆ ಬರೆದಿಟ್ಟ ನಿಯಮದಲ್ಲಿ ಒಂದು ನೆಮ್ಮದಿ ಇದೆ. ಯಾರ ಮುಖ ನೋಡಿ ಮಣೆ ಹಾಕುವ ಪ್ರಶ್ನೆ ಇಲ್ಲ. ಮುಂದಿನ ಬೆಂಚಿನವನಿಗೆ ಒಂದು, ಹಿಂದಿನ ಬೆಂಚಿನವನಿಗೆ ಒಂದು ಅಂತ ಇಲ್ಲ.

ಹಾಜರಿ ನೋಡಿ. ನಮಗೆ 75 ಪರ್ಸೆಂಟ್ ಲೆಕ್ಕ ಗೊತ್ತು. ಶಾರ್ಟೇಜ್ ಪಟ್ಟಿ ಗೊತ್ತು. ಡಾಕ್ಟರ್ ಸರ್ಟಿಫಿಕೇಟ್ ತಂದು ಪ್ರಿನ್ಸಿಪಾಲರ ಮುಂದೆ ನಿಲ್ಲುವುದು ಗೊತ್ತು. ಇಲ್ಲಿ ನಮ್ಮ ಸೆಕ್ಷನ್‌ನಲ್ಲಿ ಇದ್ದದ್ದು ಇಷ್ಟು: ಎರಡು ವಾರದಷ್ಟು ತರಗತಿ ತಪ್ಪಿಸಿದರೆ ಕೋರ್ಸಿನಿಂದ ಹೆಸರು ತೆಗೆಯಬಹುದು. ಯಾಕೆ ಬರಲಿಲ್ಲ ಅಂತ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಮೊದಲ ದಿನವೇ ಬಾರದಿದ್ದರೆ ಮಾತ್ರ ನಿಮ್ಮ ಜಾಗ ಬೇರೆಯವರಿಗೆ ಹೋಗಬಹುದು, ಇದನ್ನು ಮರೆಯಬೇಡಿ. ಬೇಸಿಗೆ ರಜೆಗೆ ಊರಿಗೆ ಹೋದವರು ಟಿಕೆಟ್ ಬುಕ್ ಮಾಡುವಾಗಲೇ ಸೆಮಿಸ್ಟರ್ ಶುರುವಾಗುವ ತಾರೀಖು ನೋಡಿಕೊಳ್ಳಿ.

ಕೋರ್ಸು ಬಿಡುವುದಕ್ಕೂ ತಾರೀಖುಗಳಿವೆ, ಇದು ನಮ್ಮವರಿಗೆ ಅರ್ಥವಾಗುವುದು ತಡ. ಸೆಮಿಸ್ಟರ್ ಶುರುವಿನ ಕೆಲವೇ ವಾರದೊಳಗೆ ಬಿಟ್ಟರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ, ಸುಮಾರು ಮುಕ್ಕಾಲು ಸೆಮಿಸ್ಟರ್ ಕಳೆಯುವ ತನಕ ಬಿಟ್ಟರೆ ಡಬ್ಲ್ಯೂ (ವಿತ್‌ಡ್ರಾ, ಅಂದರೆ ಬಿಟ್ಟರು) ಅಂತ ಬರುತ್ತದೆ. ಅದು ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುವುದಿಲ್ಲ. ಅದನ್ನೂ ದಾಟಿದರೆ ಬಂದ ಗ್ರೇಡ್ ಬಂದ ಹಾಗೆ. ಸುಮ್ನೆ ಹೋಗುವುದನ್ನು ನಿಲ್ಲಿಸಿಬಿಟ್ಟರೆ ತಾನಾಗಿಯೇ ಹೆಸರು ಹೋಗುತ್ತದೆ ಅಂದುಕೊಂಡರೆ ಕೊನೆಗೆ ಎಫ್ ಬರುವ ಅಪಾಯ ಇದೆ. ನರ್ಸಿಂಗ್ ಗುರಿ ಇದ್ದವರಿಗೆ ಅದು ತುಂಬ ದೊಡ್ಡ ಪೆಟ್ಟು. ಬಿಡುವುದಾದರೆ ಪೋರ್ಟಲ್‌ಗೆ ಹೋಗಿ ನೀವೇ ಬಿಡಿ. ಪಾಸ್ ಅಂದರೆ ಇಲ್ಲಿ ಸಿ ಅಥವಾ ಅದಕ್ಕಿಂತ ಮೇಲೆ. ಡಿ ಬಂದರೆ ಮುಂದಿನ ಬರವಣಿಗೆ ಕೋರ್ಸಿಗೆ ಹೋಗುವ ಹಾಗಿಲ್ಲ.

ಪ್ರಬಂಧ ಕೊಡುವುದು ಕಾಲೇಜಿನ ಆನ್‌ಲೈನ್ ತಾಣವಾದ ಕ್ಯಾನ್ವಾಸ್‌ನಲ್ಲಿ, ರಾತ್ರಿ 11:59ರ ಒಳಗೆ. ತಡವಾದ ಪ್ರತಿ ದಿನಕ್ಕೆ ಹತ್ತು ಪರ್ಸೆಂಟ್ ಕಡಿತ. ಆದರೆ ಇಡೀ ಸೆಮಿಸ್ಟರ್‌ಗೆ ಒಂದು ಸಲ, ಕಾರಣ ಹೇಳದೆ, ಎರಡು ದಿನ ಹೆಚ್ಚು ತಗೊಳ್ಳಬಹುದು. ಒಂದೇ ಷರತ್ತು, ಗಡುವಿಗೆ ಮುಂಚೆ ಇಮೇಲ್ ಮಾಡಬೇಕು. ನಮಗೆ ಅಭ್ಯಾಸ ಇರುವುದು ಗಡುವು ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಪ್ಲೀಸ್ ಮೇಡಂ, ಇದೊಂದು ಸಲ’ ಅನ್ನುವುದು. ಇಲ್ಲಿ ಅದು ನಡೆಯುವುದಿಲ್ಲ, ಮುಂಚೆ ಕೇಳಿದರೆ ಎಲ್ಲವೂ ನಡೆಯುತ್ತದೆ. ಮಗನಿಗೆ ಜ್ವರ ಬಂದ ವಾರ ನಾನು ಎರಡೇ ಸಾಲು ಬರೆದೆ: ಇಂಥ ಸೆಕ್ಷನ್, ಇಂಥ ಪ್ರಬಂಧ, ನನ್ನ ಎರಡು ದಿನ ಈಗ ಬಳಸಿಕೊಳ್ಳುತ್ತೇನೆ. ‘ಸರಿ, ಮಗುವನ್ನು ನೋಡಿಕೊಳ್ಳಿ’ ಅಂತ ಉತ್ತರ ಬಂತು. ಉದ್ದುದ್ದ ಕ್ಷಮೆ ಕೇಳುವುದು ಬೇಡ, ಸಂಸಾರದ ಕಥೆಯೆಲ್ಲ ಬರೆಯುವುದೂ ಬೇಡ.

ಇನ್ನು ಬರವಣಿಗೆ. ಇಲ್ಲೇ ಕೋರ್ಸಿನ ಜೀವ ಇರುವುದು, ಅದಕ್ಕೇ ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ನಾವೆಲ್ಲ ಹೈಸ್ಕೂಲಿನಿಂದ ಪ್ರಬಂಧ ಬರೆದು ಬೆಳೆದವರು. ಪೀಠಿಕೆ, ವಿಷಯ ವಿಸ್ತರಣೆ, ಉಪಸಂಹಾರ. ಮೊದಲು ಒಂದು ಗಾದೆ ಅಥವಾ ವಚನದ ಸಾಲು, ನಂತರ ಅನುಕೂಲಗಳು, ನಂತರ ಅನಾನುಕೂಲಗಳು, ಕೊನೆಗೆ ‘ಆದ್ದರಿಂದ ನಾವೆಲ್ಲರೂ ಇದನ್ನು ಹಿತಮಿತವಾಗಿ ಬಳಸೋಣ’. ಮೊಬೈಲ್, ದೂರದರ್ಶನ, ವಿಜ್ಞಾನ, ಎಲ್ಲದಕ್ಕೂ ಅದೇ ಅಚ್ಚು. ಗೈಡಿನಲ್ಲಿ ಇದ್ದದ್ದನ್ನು ಉರು ಹೊಡೆದು ಬರೆದರೆ ಪೂರ್ತಿ ಅಂಕ. ಆ ಅಚ್ಚು ಇಲ್ಲಿ ಒಂದು ದಿನವೂ ನಡೆಯುವುದಿಲ್ಲ.

ನನ್ನ ಸಂಶೋಧನಾ ಪ್ರಬಂಧ ಬೀದಿ ವ್ಯಾಪಾರಿಗಳ ಬಗ್ಗೆ. ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಎಸ್‌ಬಿ 946 ಅನ್ನುವ ಕಾನೂನಿಗೆ ಸಹಿ ಬಿತ್ತು, ಫುಟ್‌ಪಾತ್‌ನಲ್ಲಿ ಮಾರುವವರ ಮೇಲೆ ಕ್ರಿಮಿನಲ್ ಕೇಸ್ ಹಾಕುವುದು ನಿಂತಿತು. ನನ್ನ ಮೊದಲ ಡ್ರಾಫ್ಟಿನಲ್ಲಿ ಪ್ರಬಂಧದ ಮುಖ್ಯ ವಾದ, ಅಂದರೆ ಇಲ್ಲಿ ಥೀಸಿಸ್ ಅನ್ನುವ ಸಾಲು, ಹೀಗಿತ್ತು: ಬೀದಿ ವ್ಯಾಪಾರದಿಂದ ಅನುಕೂಲವೂ ಇದೆ, ತೊಂದರೆಯೂ ಇದೆ, ಸರ್ಕಾರ ಎರಡನ್ನೂ ನೋಡಿ ಕ್ರಮ ತಗೊಳ್ಳಬೇಕು. ಪ್ರೊಫೆಸರ್ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು. ಈ ಮಾತನ್ನು ಒಪ್ಪದವರು ಯಾರಾದರೂ ಇದ್ದಾರೆಯೇ?

ಎರಡು ದಿನ ಆ ಪ್ರಶ್ನೆ ತಲೆಯಲ್ಲಿ ಕೂತಿತ್ತು. ಯಾರೂ ಇಲ್ಲ, ನಿಜ. ಎಲ್ಲರೂ ಒಪ್ಪುವ ಮಾತನ್ನು ಆರು ಪುಟ ಬರೆದು ಯಾರಿಗೆ ಏನು ಲಾಭ? ನಮ್ಮ ಪ್ರಬಂಧಗಳೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಯಾರಿಗೂ ಬೇಜಾರಾಗಬಾರದು, ಯಾರ ಪರವೂ ನಿಲ್ಲಬಾರದು. ಇಲ್ಲಿ ಒಂದು ಕಡೆ ನಿಲ್ಲಲೇಬೇಕು. ಸುಮ್ನೆ ನಿಂತರೂ ಸಾಲದು, ಎದುರು ಕಡೆಯವರ ಗಟ್ಟಿ ವಾದವನ್ನು ನೀವೇ ತಂದು, ಅದಕ್ಕೆ ಉತ್ತರ ಕೊಟ್ಟು ನಿಲ್ಲಬೇಕು.

ಮೂರನೇ ಡ್ರಾಫ್ಟಿನ ಹೊತ್ತಿಗೆ ಆ ಸಾಲು ಹೀಗಾಯಿತು: ಎಸ್‌ಬಿ 946 ಪೊಲೀಸ್ ಕೇಸಿನ ಭಯ ತೆಗೆಯಿತು, ಆದರೆ ಆಹಾರ ಪರವಾನಗಿಯ ನಿಯಮಗಳು ದೊಡ್ಡ ಅಡುಗೆಮನೆ ಇರುವವರಿಗೆ ಮಾಡಿದವು, ಆದ್ದರಿಂದ ತಳ್ಳುಗಾಡಿಯ ವ್ಯಾಪಾರಿಗೆ ಕಾನೂನಿನ ಒಳಗೆ ಬರಲು ಆಗಲಿಲ್ಲ, ಆ ನಿಯಮ ಬದಲಾಗದೆ ಮೊದಲ ಕಾನೂನು ಪೂರ್ತಿ ಆಗುವುದಿಲ್ಲ. ಇದನ್ನು ಒಪ್ಪದವರು ಇದ್ದಾರೆ. ಆರೋಗ್ಯ ಇಲಾಖೆಯವರು ಇದ್ದಾರೆ, ಬಾಡಿಗೆ ಕಟ್ಟಿ ಹೋಟೆಲ್ ನಡೆಸುವವರು ಇದ್ದಾರೆ. ಈಗ ಬರೆಯಲು ವಿಷಯ ಸಿಕ್ಕಿತು. 2022ರಲ್ಲಿ ಎಸ್‌ಬಿ 972 ತಂದು ಆ ಆಹಾರ ನಿಯಮಗಳನ್ನೇ ಸ್ವಲ್ಪ ಸಡಿಲ ಮಾಡಿದ್ದು ನನ್ನ ವಾದಕ್ಕೆ ದೊಡ್ಡ ಆಧಾರ ಆಯಿತು.

ಆ ಪ್ರಬಂಧಕ್ಕೆ ಇನ್ನೊಂದು ಒಳ್ಳೆಯ ತಿರುವು ಬಂದಿದ್ದು ಪೀರ್ ರಿವ್ಯೂನಿಂದ. ಅಂದರೆ ತರಗತಿಯವರೇ ಒಬ್ಬರ ಡ್ರಾಫ್ಟ್ ಒಬ್ಬರು ಓದಿ ಅಭಿಪ್ರಾಯ ಬರೆಯುವುದು, ಇದಕ್ಕೂ ಅಂಕ ಇದೆ. ಶುರುವಿನಲ್ಲಿ ನನಗೆ ನಂಬಿಕೆ ಇರಲಿಲ್ಲ, ನನ್ನಷ್ಟೇ ಕಲಿತವರು ನನಗೇನು ಹೇಳುತ್ತಾರೆ ಅಂತ. ನನ್ನ ಗುಂಪಿನಲ್ಲಿ ಹೈಸ್ಕೂಲ್ ಈಗಷ್ಟೇ ಮುಗಿಸಿದ ಒಬ್ಬ ಹುಡುಗ, ಐವತ್ತು ದಾಟಿದ ಒಬ್ಬ ಟ್ರಕ್ ಡ್ರೈವರ್. ಹುಡುಗ ಸುಮ್ನೆ ‘ಚೆನ್ನಾಗಿದೆ’ ಅಂತ ಬರೆದು ಕೊಟ್ಟ, ಅದರಿಂದ ಉಪಯೋಗ ಆಗಲಿಲ್ಲ. ಆದರೆ ಡ್ರೈವರ್ ನನ್ನ ಮೂರನೇ ಪುಟದ ಒಂದು ಸಾಲಿಗೆ ಗೆರೆ ಎಳೆದಿದ್ದರು. ನಮ್ಮ ದೇಶದಲ್ಲೂ ಹೀಗೊಂದು ಕಾನೂನಿದೆ ಅಂತ ನಾನು ಬರೆದು ಮುಂದೆ ಹೋಗಿದ್ದೆ. ‘ಅಲ್ಲಿ ಏನು ಮಾಡಿದರು, ಅದನ್ನು ಹೇಳಿ, ನನಗೆ ಅದೇ ಬೇಕು’ ಅಂತ ಬರೆದಿದ್ದರು. ಭಾರತದ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ, ಯಾರು ಎಲ್ಲಿ ಮಾರಬೇಕು ಅನ್ನುವ ವಿಚಾರ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪರ್ಸೆಂಟ್ ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು. ನಾನು ಅದನ್ನು ಒಂದು ಪ್ಯಾರಾ ಮಾಡಿದೆ. ಇಡೀ ಪ್ರಬಂಧದಲ್ಲಿ ಪ್ರೊಫೆಸರ್ ಹೆಚ್ಚು ಮೆಚ್ಚಿದ್ದು ಆ ಪ್ಯಾರಾ. ನಮಗೆ ಗೊತ್ತಿರುವುದನ್ನು ಎಲ್ಲರಿಗೂ ಗೊತ್ತು ಅಂದುಕೊಂಡು ಬಿಟ್ಟುಬಿಡುತ್ತೇವೆ. ಓದುವವರು ಕೇಳಿದಾಗಲೇ ಅದರ ಬೆಲೆ ತಿಳಿಯುವುದು.

ಒಂದು ಪ್ರಬಂಧಕ್ಕೆ ಮೂರು ಡ್ರಾಫ್ಟ್ ಅಂದರೆ ಬರೀ ಸ್ಪೆಲಿಂಗ್ ತಿದ್ದುವುದಲ್ಲ. ಎರಡನೇದಕ್ಕೆ ಹೋಗುವಾಗ ಮೊದಲ ಪುಟವನ್ನೇ ಕಿತ್ತು ಹಾಕಬೇಕಾಗಬಹುದು. ಗ್ರೇಡಿನಲ್ಲಿ ಡ್ರಾಫ್ಟುಗಳಿಗೂ ಪಾಲು ಇದೆ, ಹಾಗಾಗಿ ಕೊನೆಯ ರಾತ್ರಿ ಕೂತು ಚೆಂದದ ಪ್ರಬಂಧ ಬರೆದರೂ ಎ ಬರುವುದಿಲ್ಲ. ಈ ನಿಯಮ ನನಗೆ ತುಂಬ ಇಷ್ಟವಾಯಿತು. ಮೂರು ಗಂಟೆಯ ಪರೀಕ್ಷೆಯಲ್ಲಿ ಬರೆದದ್ದೇ ಅಂತಿಮ ಅನ್ನುವ ಪದ್ಧತಿಯಲ್ಲಿ ಓದಿದವಳಿಗೆ, ತಿದ್ದಲು ಅವಕಾಶ ಇದೆ, ತಿದ್ದಿದ್ದಕ್ಕೇ ಅಂಕ ಇದೆ ಅನ್ನುವುದು ದೊಡ್ಡ ವಿಷಯ. ನಮ್ಮ ಊರಿನ ಡಿಗ್ರಿ ಕಾಲೇಜುಗಳಲ್ಲಿ ಇದೊಂದನ್ನಾದರೂ ತಂದರೆ ಎಷ್ಟು ಮಕ್ಕಳ ಬರವಣಿಗೆ ಸುಧಾರಿಸುತ್ತದೆ ಅನ್ನಿಸುತ್ತದೆ. ಕನ್ನಡ ಬರವಣಿಗೆಗೂ ಇದೇ ಬೇಕು.

ಫಾರ್ಮ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಂಎಲ್‌ಎ ಪದ್ಧತಿ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್‌ನ ಬರವಣಿಗೆ, ಆಧಾರ ಉಲ್ಲೇಖದ ನಿಯಮಗಳು), ಒಂದಿಂಚು ಮಾರ್ಜಿನ್, ಸಾಲುಗಳ ನಡುವೆ ಡಬಲ್ ಸ್ಪೇಸ್, ಓದಲು ಸುಲಭವಾದ ಅಕ್ಷರ. ಈಗ ನಡೆಯುತ್ತಿರುವುದು 2021ರಲ್ಲಿ ಬಂದ ಒಂಬತ್ತನೇ ಆವೃತ್ತಿ. ಪರ್ಡ್ಯೂ ಯೂನಿವರ್ಸಿಟಿಯ ಬರವಣಿಗೆ ವೆಬ್‌ಸೈಟಿನಲ್ಲಿ ಎಲ್ಲಕ್ಕೂ ಉದಾಹರಣೆ ಬಿಟ್ಟಿಯಾಗಿ ಸಿಗುತ್ತದೆ.

ಈಗ ದೂರಿಗೆ ಬರುತ್ತೇನೆ.

ಮೊದಲನೆಯದು ನಕಲಿನ ನಿಯಮ. ಬೇರೆಯವರ ಸಾಲು ಹಾಕಿದರೆ ಉದ್ಧರಣ ಚಿಹ್ನೆ ಬೇಕು, ಯಾರದು ಅಂತ ಹೇಳಬೇಕು, ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬೇರೆಯವರ ಸಾಲನ್ನು ತಗೊಂಡು ನಾಲ್ಕು ಪದ ಬದಲಾಯಿಸಿ, ವಾಕ್ಯದ ನಡೆ ಹಾಗೇ ಇಟ್ಟು, ಕೊನೆಗೆ ಹೆಸರು ಹಾಕಿದರೂ ಅದು ತಪ್ಪು. ಇದು ನಮ್ಮಲ್ಲಿ ಓದಿದವರಿಗೆ ಯಾರೂ ಹೇಳಿಕೊಟ್ಟಿಲ್ಲ. ಪುಸ್ತಕದಲ್ಲಿ ಇದ್ದ ಹಾಗೇ ಬರೆದರೆ ‘ಶಭಾಷ್’ ಅನ್ನಿಸಿಕೊಂಡು ಹದಿನೈದು ವರ್ಷ ಓದಿದವರು ನಾವು. ವಿಯೆಟ್ನಾಂನಿಂದ, ಚೀನಾದಿಂದ ಬಂದ ನನ್ನ ಸಹಪಾಠಿಗಳೂ ಇದನ್ನೇ ಹೇಳುತ್ತಿದ್ದರು. ನಿಯಮ ಸರಿಯಾಗಿಯೇ ಇದೆ. ಆದರೆ ಸಿಲಬಸ್‌ನಲ್ಲಿ ಶಿಕ್ಷೆಯ ಬಗ್ಗೆ ಅರ್ಧ ಪುಟ ಇದ್ದು, ಅದನ್ನು ಹೇಗೆ ಸರಿಯಾಗಿ ಮಾಡುವುದು ಅಂತ ಕಲಿಸಲು ಒಂದೇ ಒಂದು ತರಗತಿ ಇಟ್ಟರೆ ಹೇಗೆ? ಓದಿದ್ದನ್ನು ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆಯುವುದನ್ನು ವಾರಗಟ್ಟಲೆ ಅಭ್ಯಾಸ ಮಾಡಿಸಬೇಕು. ಮೊದಲ ಪ್ರಬಂಧದಲ್ಲೇ ಸೊನ್ನೆ ಹಾಕುವ ಮುಂಚೆ ಅದನ್ನು ತಿದ್ದಿ ಕಲಿಯುವ ಅವಕಾಶ ಕೊಡಬೇಕು. ನಮ್ಮ ಪ್ರೊಫೆಸರ್ ಕೊಟ್ಟರು. ಪಕ್ಕದ ಸೆಕ್ಷನ್‌ನಲ್ಲಿ ಕೊಡಲಿಲ್ಲ. ಇಂಥ ವಿಷಯ ಒಬ್ಬೊಬ್ಬರ ಮನಸ್ಸಿನ ಮೇಲೆ ನಿಲ್ಲಬಾರದು.

ಎರಡನೆಯದು ಇನ್ನೂ ಗಂಭೀರ. ನನ್ನ ಎರಡನೇ ಪ್ರಬಂಧವನ್ನು ಎಐ ಪತ್ತೆ ಮಾಡುವ ಒಂದು ಸಾಫ್ಟ್‌ವೇರ್, ಬಹುಪಾಲು ಯಂತ್ರ ಬರೆದದ್ದು ಅಂತ ತೋರಿಸಿತು. ಅದರ ಒಂದೊಂದು ಸಾಲೂ ನಾನೇ ಬರೆದದ್ದು, ಮಗ ಮಲಗಿದ ಮೇಲೆ ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು. ಪ್ರೊಫೆಸರ್ ಮಾತಾಡಲು ಕರೆದರು. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರಿಂದ ಯಾವ ದಿನ ಯಾವ ಗಂಟೆಗೆ ಯಾವ ಸಾಲು ಬಂತು, ಯಾವುದನ್ನು ಅಳಿಸಿದೆ, ಎಲ್ಲ ಇತಿಹಾಸವೂ ಉಳಿದಿತ್ತು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಅವರು ಒಪ್ಪಿಕೊಂಡರು, ಮರ್ಯಾದೆಯಿಂದಲೇ ನಡೆಸಿಕೊಂಡರು. ಆದರೂ ಆ ಎರಡು ದಿನ ನನಗೆ ನಿದ್ದೆ ಇರಲಿಲ್ಲ. ವೀಸಾ ಮೇಲೆ ಇರುವವರಿಗೆ ದಾಖಲೆಯಲ್ಲಿ ‘ಅಪ್ರಾಮಾಣಿಕತೆ’ ಅಂತ ಒಂದು ಪದ ಬೀಳುವುದು ಅಂದರೆ ಏನು ಅನ್ನುವುದು ಇಲ್ಲಿ ಹುಟ್ಟಿದವರಿಗೆ ಸುಲಭವಾಗಿ ತಿಳಿಯುವುದಿಲ್ಲ.

ಇದು ನನ್ನೊಬ್ಬಳ ಅನುಭವ ಆಗಿದ್ದರೆ ಬಿಡಬಹುದಿತ್ತು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಥ 7 ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಟೋಫೆಲ್ ಪರೀಕ್ಷೆಗೆ (ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಬರೆಯುವ ಪರೀಕ್ಷೆ) ಮನುಷ್ಯರೇ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಸರಾಸರಿ 60 ಪರ್ಸೆಂಟಿಗಿಂತ ಜಾಸ್ತಿ ಪ್ರಬಂಧಗಳನ್ನು ಯಂತ್ರದ್ದು ಅಂದವು. ಅಮೆರಿಕದ ಎಂಟನೇ ತರಗತಿ ಮಕ್ಕಳು ಬರೆದದ್ದನ್ನು ಮಾತ್ರ ಹೆಚ್ಚುಕಮ್ಮಿ ಸರಿಯಾಗಿ ಗುರುತಿಸಿದವು. ಕಾರಣವೂ ಗೊತ್ತಿದೆ. ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿತವರು ಗೊತ್ತಿರುವ ಪದಗಳನ್ನೇ, ಸರಳ ವಾಕ್ಯಗಳನ್ನೇ ಬಳಸುತ್ತಾರೆ. ಮುಂದಿನ ಪದ ಯಾವುದು ಅಂತ ಸುಲಭವಾಗಿ ಊಹಿಸಬಹುದಾದ ಬರಹವನ್ನು ಈ ಸಾಧನಗಳು ಯಂತ್ರದ ಬರಹ ಅಂತ ಲೆಕ್ಕ ಹಾಕುತ್ತವೆ. ಅದೇ ವರ್ಷ ಜುಲೈನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನವರು ನಿಖರತೆ ಸಾಲದು ಅಂತ ತಮ್ಮದೇ ಪತ್ತೆ ಸಾಧನವನ್ನು ವಾಪಸ್ ತಗೊಂಡರು. ಆಗಸ್ಟ್‌ನಲ್ಲಿ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ನಕಲು ಹಿಡಿಯುವ ಸಾಫ್ಟ್‌ವೇರ್ ಟರ್ನಿಟಿನ್‌ನ ಎಐ ಪತ್ತೆ ಸೌಲಭ್ಯವನ್ನು ಬಂದ್ ಮಾಡಿತು. ಇಷ್ಟೆಲ್ಲ ಗೊತ್ತಿದ್ದ ಮೇಲೂ ಒಂದು ಕಾಲೇಜು ಅದರ ಅಂಕಿಯನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಯನ್ನು ಕರೆಸುವುದು ಸರಿಯಲ್ಲ. ಒಂದು ಸ್ಟಾರ್ ಕಳೆದಿದ್ದು ಇದಕ್ಕೇ. ಎಐ ಬಳಸಿ ಬರೆಸಬಾರದು ಅನ್ನುವ ನಿಯಮಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಬರೆಸಿದರೆ ಈ ಕೋರ್ಸು ಮಾಡುವುದೇ ದಂಡ. ಆದರೆ ಕಷ್ಟಪಟ್ಟು ಬರೆದವರು ತಾವು ಬರೆದಿದ್ದಕ್ಕೆ ಸಾಕ್ಷಿ ಇಟ್ಟುಕೊಂಡು ಓಡಾಡುವ ಹಾಗೆ ಆಗಬಾರದು. ಅದು ಬದಲಾಗುವ ತನಕ ನೀವು ಗೂಗಲ್ ಡಾಕ್ಸ್‌ನಲ್ಲೇ ಬರೆಯಿರಿ, ಹಳೆಯ ಡ್ರಾಫ್ಟ್ ಯಾವುದನ್ನೂ ಅಳಿಸಬೇಡಿ. ಗ್ರ್ಯಾಮರ್ಲಿ ಥರದ ವ್ಯಾಕರಣ ತಿದ್ದುವ ಸಾಧನವನ್ನು ಬಳಸಬಹುದೇ ಅಂತ ಮೊದಲೇ ಕೇಳಿಕೊಳ್ಳಿ, ಒಬ್ಬೊಬ್ಬರದು ಒಂದೊಂದು ನಿಯಮ.

ಪ್ರೊಫೆಸರ್‌ಗಳ ಬಗ್ಗೆ ಒಂದು ಮಾತು. ನನ್ನ ಒಂದು ಪ್ರಬಂಧ ತಿದ್ದಿ ವಾಪಸ್ ಬರಲು ಮೂರು ವಾರ ಹಿಡಿಯಿತು, ಅಷ್ಟರಲ್ಲಿ ಮುಂದಿನದರ ಡ್ರಾಫ್ಟ್ ಕೊಟ್ಟಾಗಿತ್ತು. ಸಿಟ್ಟು ಬಂದಿತ್ತು. ಆಮೇಲೆ ತಿಳಿಯಿತು, ಅವರು ಪಾರ್ಟ್ ಟೈಮ್, ಬೇರೆ ಎರಡು ಕಾಲೇಜುಗಳಲ್ಲೂ ಪಾಠ ಮಾಡುತ್ತಾರೆ. ಹೀಗೆ ಕಾಲೇಜಿನಿಂದ ಕಾಲೇಜಿಗೆ ಹೈವೇ ಮೇಲೆ ಕಾರು ಓಡಿಸಿಕೊಂಡು ಬದುಕುವವರು ಇಲ್ಲಿ ತುಂಬ ಜನ ಇದ್ದಾರೆ. ಬರವಣಿಗೆ ಕಲಿಸುವವರ ರಾಷ್ಟ್ರೀಯ ಸಂಘಟನೆಯೇ ಒಂದು ತರಗತಿಯಲ್ಲಿ 20ಕ್ಕಿಂತ ಜಾಸ್ತಿ ಇರಬಾರದು, 15 ಇದ್ದರೆ ಒಳ್ಳೆಯದು ಅಂತ ಹೇಳುತ್ತಾ ಬಂದಿದೆ. ನಮ್ಮ ತರಗತಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಒಬ್ಬೊಬ್ಬರ ಮೂರು ಡ್ರಾಫ್ಟ್ ಓದಿ ಅಂಚಿನಲ್ಲಿ ಬರೆಯಬೇಕು. ತಡವಾಗಿದ್ದಕ್ಕೆ ಆಡಳಿತದವರನ್ನು ಕೇಳಬೇಕು, ಅವರನ್ನಲ್ಲ. ಹಾಗಾಗಿ ಅದಕ್ಕೆ ನಾನು ಸ್ಟಾರ್ ಕಳೆಯಲಿಲ್ಲ.

ಬರೆದ ಅಭಿಪ್ರಾಯಕ್ಕೆ ಕಾಯುವ ಬದಲು ಆಫೀಸ್ ಅವರ್ಸ್‌ಗೆ ಹೋಗಿ. ನಮ್ಮಲ್ಲಿ ಮೇಷ್ಟ್ರ ಕೋಣೆಗೆ ಕರೆಸಿದರು ಅಂದರೆ ಏನೋ ತಪ್ಪು ಮಾಡಿದ್ದೇವೆ ಅಂತ ಅರ್ಥ, ಆ ಹೆದರಿಕೆಯಿಂದಲೋ ಏನೋ ನಮ್ಮವರು ಹೋಗುವುದೇ ಇಲ್ಲ. ಹತ್ತು ನಿಮಿಷ ಎದುರಿಗೆ ಕೂತರೆ ಮೂರು ವಾರದ ಕೆಲಸ ಆಗುತ್ತದೆ. ಅದು ನಿಮಗಾಗಿಯೇ ಇಟ್ಟ ಸಮಯ. ರೈಟಿಂಗ್ ಸೆಂಟರ್ ಕೂಡ ಬಿಟ್ಟಿ. ಅವರು ಕೂತು ನಿಮ್ಮ ತಪ್ಪುಗಳನ್ನೆಲ್ಲ ತಿದ್ದಿ ಕೊಡುವುದಿಲ್ಲ, ‘ಇಲ್ಲಿ ಏನು ಹೇಳಬೇಕು ಅಂತಿದ್ದೀರಿ?’ ಅಂತ ಕೇಳಿ ಕೇಳಿ ನಿಮ್ಮ ಬಾಯಿಂದಲೇ ಹೊರಡಿಸುತ್ತಾರೆ. ಪ್ರಶ್ನೆ ಸಿದ್ಧ ಮಾಡಿಕೊಂಡು ಹೋದರೆ ಲಾಭ.

ಹೈಸ್ಕೂಲ್ ಮಕ್ಕಳನ್ನು ಇದೇ ಕೋರ್ಸಿಗೆ ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ (ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಕೋರ್ಸು ಮಾಡುವುದು) ಸೇರಿಸುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಸೂಚನೆ. ಕಾಲೇಜಿನ ಕೋರ್ಸಿಗೆ ಸೇರಿದ ಮೇಲೆ, ವಯಸ್ಸು ಹದಿನೆಂಟು ಆಗದಿದ್ದರೂ, ಆ ಕಾಲೇಜಿನ ದಾಖಲೆಗಳ ಮೇಲಿನ ಹಕ್ಕು ಮಗುವಿನದೇ. 1974ರ ಫೆರ್ಪಾ ಕಾನೂನು ಹಾಗೆ ಹೇಳುತ್ತದೆ. ಮಗನಿಗೆ ಯಾಕೆ ಬಿ ಬಂತು ಅಂತ ನೀವು ಪ್ರೊಫೆಸರ್‌ಗೆ ಇಮೇಲ್ ಮಾಡಿದರೆ ಉತ್ತರ ಬರುವುದು ಕಷ್ಟ. ಮಗನೇ ಕೇಳಲಿ.

ನೇರವಾಗಿ ಸೇರಬಹುದೇ ಅಂತ ಕೆಲವರು ಕೇಳುತ್ತಾರೆ. ಮೊದಲು ಪ್ಲೇಸ್‌ಮೆಂಟ್ ಪರೀಕ್ಷೆ ಇಟ್ಟು ಎಷ್ಟೋ ಜನರನ್ನು ಕೆಳಗಿನ ಹಂತಕ್ಕೆ ಹಾಕುತ್ತಿದ್ದರು, ಅಲ್ಲಿಂದ ಮೇಲೆ ಬರುವುದರೊಳಗೆ ಬಹಳ ಜನ ಓದೇ ಬಿಡುತ್ತಿದ್ದರು. 2017ರಲ್ಲಿ ಸಹಿ ಬಿದ್ದ ಎಬಿ 705 ಕಾನೂನು ಅದನ್ನು ಬದಲಾಯಿಸಿತು. ಹೊರದೇಶದಲ್ಲಿ ಓದಿದವರಿಗೆ ನಮ್ಮ ಕಾಲೇಜಿನಲ್ಲಿ ಸ್ವಯಂ ಮೌಲ್ಯಮಾಪನದ ಪ್ರಶ್ನಾವಳಿ ಇತ್ತು, ಅದನ್ನು ತುಂಬಿ ನೇರವಾಗಿ ಸೇರಿದೆ. ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯ ಓದಿ ಅರ್ಥ ಮಾಡಿಕೊಳ್ಳುವವರು ಧೈರ್ಯವಾಗಿ ನೇರ ಸೇರಿ. ಅದು ಕಷ್ಟ ಅನ್ನಿಸಿದರೆ ಇಎಸ್‌ಎಲ್ (ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ ಕೋರ್ಸುಗಳು) ದಾರಿಯಲ್ಲಿ ಬನ್ನಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆನ್‌ಲೈನೋ, ಕಾಲೇಜಿಗೆ ಹೋಗುವುದೋ ಅಂದರೆ, ಆಗುವುದಾದರೆ ಹೋಗಿ. ಪೀರ್ ರಿವ್ಯೂ ಎದುರಿಗೆ ಕೂತು ಮಾಡಿದರೆ ಬೇರೆಯೇ. ಸೆಕ್ಷನ್ ತುಂಬಿದೆ ಅಂತ ಬಂದರೆ ವೇಟ್‌ಲಿಸ್ಟ್‌ಗೆ ಹೆಸರು ಹಾಕಿ, ಮೊದಲ ದಿನ ತಪ್ಪದೆ ಹೋಗಿ ಕೂತುಕೊಳ್ಳಿ, ಬಾರದವರ ಜಾಗಕ್ಕೆ ಪ್ರೊಫೆಸರ್ ಅಲ್ಲೇ ಸೇರಲು ಬೇಕಾದ ಆ್ಯಡ್ ಕೋಡ್ ಕೊಡುತ್ತಾರೆ. ಆ ಕೋಡ್ ಬಂದ ಮೇಲೆ ಅದನ್ನು ಬಳಸಲೂ ಒಂದು ಕೊನೆಯ ದಿನ ಇರುತ್ತದೆ, ಹಾಗಾಗಿ ಅವತ್ತು ರಾತ್ರಿಯೇ ಪೋರ್ಟಲ್‌ನಲ್ಲಿ ಹಾಕಿ ಫೀ ಕಟ್ಟಿಬಿಡಿ.